ತಲೆಶೂಲೆ ಮತ್ತು ಹಿತ್ತಲ ಕುರ್ಚಿ

ಟಿಳಕವಾಡಿ, ಬೆಳಗಾವಿ
ಗುರುವಾರ, ತಾ. ೧೮ ನವೆಂಬರ್ ೧೯೨೬

ನನ್ನ ಅವ್ವನಿಗೆ, ನಿನ್ನ ಕುಮುದಿನಿ ಕಾಲು ಮುಟ್ಟಿ ಮಾಡುವ ನಮಸ್ಕಾರಗಳು.

ಪ್ರತಿ ಪತ್ರದಲ್ಲೂ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆದು ನಿನಗೆ ಸುಳ್ಳು ಹೇಳುತ್ತಿದ್ದೆ. ಇವತ್ತು ಖರೇನೇ ಕ್ಷೇಮ, ಅವ್ವಾ! ಮೊನ್ನೆ ನಮ್ಮಲ್ಲಿ ತುಳಸಿ ಲಗ್ನವಾಯಿತು. ಮನೆ ತುಂಬ ಜನ, ಒಲೆಯ ಹೊಗೆ, ಓಣಿಯ ಹುಡುಗರ ಪಟಾಕಿ, ಅದರ ಮೇಲೆ ಊದುಬತ್ತಿಯ ಘಾಟು. ಇದರಲ್ಲಿ ಒಂದಿದ್ದರೂ ಸಾಕಿತ್ತು, ನಾನು ಕತ್ತಲ ಕೋಣೆ ಸೇರಿ ಮಲಗುತ್ತಿದ್ದೆ. ಮೊನ್ನೆ ಎಲ್ಲವೂ ಸೇರಿ ಬಂದರೂ ನನ್ನ ತಲೆ ನೋಯಲಿಲ್ಲ. ರಾತ್ರಿ ಪಾತ್ರೆ ತಿಕ್ಕುತ್ತ ಹಾಡು ಗುನುಗಿದೆನಂತೆ, ನನಗೇ ಗೊತ್ತಾಗಿಲ್ಲ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿ ಹೋದರು.

ತಂಗೀ ಕುಂದಾ, ಅವ್ವನಿಗೆ ಇದನ್ನು ಓದಿ ಹೇಳುವವಳು ನೀನೇ ಅಲ್ಲವೇ? ನಡುವೆ ಎಲ್ಲಿಯೂ ಹಾರಿಸಬೇಡ. ನಾಚಿಕೆಯ ಮಾತುಗಳು ಬರುತ್ತವೆ, ಓದು. ನಿನಗೆ ಸಿಟ್ಟು ತರುವ ಮಾತೂ ಒಂದು ಬರುತ್ತದೆ, ಅದನ್ನೂ ಓದು.

ಅವ್ವಾ, ನನ್ನ ಅರ್ಧ ತಲೆಯ ಶೂಲೆ ನಿನಗೆ ಗೊತ್ತಿದ್ದದ್ದೇ. ಮೊದಲು ಕಣ್ಣಮುಂದೆ ಬಳೆಚೂರು ಮಿಂಚಿದಂತಾಗುವುದು, ಆಮೇಲೆ ಎಡಗಡೆಯ ಹಣೆಯೊಳಗೆ ಕುಟ್ಟುವುದು, ಕೊನೆಗೆ ವಾಂತಿ. ಲಗ್ನವಾಗಿ ಈ ಮನೆಗೆ ಬಂದ ಮೇಲೆಯೇ ಅದು ಶುರುವಾಯಿತು. ಸುಂಠಿ ತೇಯ್ದು ಹಚ್ಚಿದ್ದಾಯಿತು, ನಿಂಬೆಹಣ್ಣು ಇಳಿಸಿದ್ದಾಯಿತು. ದೀಪಾವಳಿಗೆ ಖಾನಾಪುರಕ್ಕೆ ಬಂದಾಗ ಮಾತ್ರ ನಾನು ಗುಂಡುಕಲ್ಲಿನಂತಿದ್ದೆ, ನೀನೇ ನೋಡಿದಿ. ತಿರುಗಿ ಬಂದ ಮರುದಿನವೇ ಮತ್ತೆ ಮಲಗಿದೆ. ಮಾವನವರಿಗೆ ಅಷ್ಟೇ ಸಾಕಾಯಿತು. ತವರಿನಲ್ಲಿ ಇಲ್ಲದ ಬ್ಯಾನಿ ಇಲ್ಲಿ ಹೇಗೆ ಬರುತ್ತದೆ, ಒಂದೋ ಇದು ನಾಟಕ, ಇಲ್ಲವೇ ಯಾರದೋ ಕಣ್ಣು ಎಂದರು. ಅತ್ತೆಯವರು ನಾಟಕವೇ ಎಂದು ಗಟ್ಟಿಯಾಗಿ ಹೇಳಿದರು. ನಾನು ಗೋಡೆಯ ಕಡೆ ಮುಖ ಮಾಡಿ ಕೇಳುತ್ತ ಬಿದ್ದಿದ್ದೆ.

ಮುಂದಿನ ಸಂಗತಿ ನೀನು ನನಗೆ ಬರೆಯಲಿಲ್ಲ. ಊಟಕ್ಕೆ ಕುಳಿತಾಗ ಮಾವನವರೇ ಹೇಳಿದರು. ಈ ಸೊಸೆಯ ಕೈಯಲ್ಲಿ ಸಂಸಾರ ನಡೆಯುವುದಿಲ್ಲ, ಮಗನಿಗೆ ಎರಡನೆಯದು ಮಾಡಬೇಕು, ಹೊರಗಿನವಳು ಯಾಕೆ, ಇವಳ ತಂಗಿಯೇ ಇದ್ದಾಳಲ್ಲ ಎಂದು. ಸೋಮವಾರ ಖಾನಾಪುರಕ್ಕೆ ಬಂದು ಕುಂದಾಳ ಉಡಿ ತುಂಬಿ ಲಗ್ನ ಗಟ್ಟಿ ಮಾಡುತ್ತಾರಂತೆ. ‘ಬರ್ರಿ’ ಎಂದು ನೀನೂ ಹೇಳಿ ಕಳಿಸಿದ್ದೀ.

ಕುಂದಾ, ಇದೇ ಆ ಮಾತು. ಓದುವುದನ್ನು ನಿಲ್ಲಿಸಬೇಡ.

ಅವ್ವಾ, ನೀನು ಯಾಕೆ ಒಪ್ಪಿದಿ ಎಂದು ನಾನು ಕೇಳುವುದಿಲ್ಲ. ಬೇರೆ ಮನೆಯ ಹೆಣ್ಣು ಸವತಿಯಾಗಿ ಬಂದರೆ ನನ್ನನ್ನು ಹೊರಗೆ ಹಾಕಿಯಾಳು, ಕುಂದಾ ಆದರೆ ಅಕ್ಕನಿಗೆ ಒಂದು ತುತ್ತು ಹಾಕುತ್ತಾಳೆ ಎಂದು ಎಣಿಸಿರಬೇಕು. ಅಪ್ಪ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ದಡ ಸೇರಿಸಬೇಕಲ್ಲ. ಆದರೆ ಕುಂದಾ ಇನ್ನೂ ಸಾಲಿಗೆ ಹೋಗುವ ಹುಡುಗಿ. ನನ್ನ ಕೂಡ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವಳು. ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರಿರಲಿಲ್ಲ.

ಇನ್ನು ಸಂತೋಷದ ಸುದ್ದಿ. ಇವರು ಗುಮಾಸ್ತಿಕೆ ಮಾಡುವ ಅರಿವೆ ಅಂಗಡಿ ಪಲ್ಟನಿನವರ ಕ್ಯಾಂಪಿನಲ್ಲಿದೆ. ಅಲ್ಲಿಗೆ ಅರಿವೆ ಕೊಳ್ಳಲು ಒಬ್ಬ ಡಾಕ್ಟರಬಾಯಿ ಬರುತ್ತಾರೆ. ಧಾರವಾಡದ ಕಡೆಯ ಕ್ರಿಸ್ತಿಯನ್ ಹೆಂಗಸು, ಮಾತು ನಮ್ಮಂತೆಯೇ. ಮನೆಯಲ್ಲಿ ಗುಡಿಗೆ ಹೋಗುತ್ತೇವೆಂದು ಹೇಳಿ ಇವರು ನನ್ನನ್ನು ಟಾಂಗಾದಲ್ಲಿ ನೇರವಾಗಿ ಕ್ಯಾಂಪಿನಲ್ಲೇ ಇರುವ ಅವರ ಮನೆಗೆ ಕರೆದುಕೊಂಡು ಹೋದರು. ನನ್ನ ಗಂಡ ಸುಳ್ಳು ಹೇಳಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಕಿವಿ ಕೆಂಪಾಗಿದ್ದವು.

ಡಾಕ್ಟರಬಾಯಿ ಇವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ನಾನು ತಲೆಯ ಕಥೆಯೆಲ್ಲ ಹೇಳಿದೆ. ಅವರು ಕೇಳಿಕೊಂಡು, ತಲೆಯನ್ನು ಮುಟ್ಟಿಯೂ ನೋಡದೆ, ಒಂದು ಪ್ರಶ್ನೆ ಹಾಕಿದರು: “ತಲಿ ಇರಲಿ ತಂಗಿ, ಹೊಟ್ಟಿ ಹೆಂಗ ಐತಿ?”

ಅವ್ವಾ, ನಾನು ಅತ್ತುಬಿಟ್ಟೆ. ಯಾಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ನಿನಗೂ ಹೇಳಿರಲಿಲ್ಲ. ಹೊಟ್ಟೆ ಉಬ್ಬರ, ಎದೆಯುರಿ, ದಿನಗಟ್ಟಲೆ ಹೊರಕಡೆಗೆ ಆಗದಿರುವುದು. ಕಾರಣ ಕೇಳಿದರೆ ನಗುತ್ತೀ. ಈ ಮನೆಯ ಪಾಯಖಾನೆ ಹಿತ್ತಲಿನ ಕೊನೆಗಿದೆ. ಅಲ್ಲಿಗೆ ಹೋಗುವ ಹಾದಿಯ ಬಾಜುವಿಗೇ ಒಂದು ಕುರ್ಚಿ. ಬೆಳಗಾದ ಕೂಡಲೆ ಮಾವನವರು ಅದರಲ್ಲಿ ಕುಳಿತು ವರ್ತಮಾನಪತ್ರಿಕೆ ಬಿಡಿಸುತ್ತಾರೆ, ಬಿಸಿಲೇರಿದ ಮೇಲೆ ಏಳುತ್ತಾರೆ. ಪೆನ್ಶನ್ ಬಂದ ಮನುಷ್ಯ, ಅವಸರ ಏನಿದೆ? ಸೊಸೆಯಾದವಳು ತಂಬಿಗೆ ಹಿಡಿದು ಅವರ ಮುಂದೆ ಹಾದು ಹೋಗುವುದೆಂದರೆ! ನಾನು ತಡೆದುಕೊಳ್ಳುತ್ತಿದ್ದೆ. ಆಮೇಲೆ ಒಲೆ ಹೊತ್ತಿಸುವುದು, ಗಂಡಸರ ಊಟ, ಅತ್ತೆಯವರ ಊಟ, ನನ್ನದು ಹೊತ್ತು ಇಳಿದ ಮೇಲೆ. ಅಲ್ಲಿಯವರೆಗೆ ಬರೀ ಚಹಾ. ಹೋಗಬೇಕಾಗುತ್ತದಲ್ಲ ಎಂಬ ಅಂಜಿಕೆಗೆ ನೀರನ್ನೂ ಕಡಿಮೆ ಮಾಡಿದ್ದೆ.

ಖಾನಾಪುರದಲ್ಲಿ ಯಾಕೆ ಗುಣವಾಗುತ್ತಿತ್ತು ಎಂಬುದು ಈಗ ತಿಳಿಯಿತೇ? ಅಲ್ಲಿ ನಸುಕಿನಲ್ಲಿ ಹೆಂಗಸರೆಲ್ಲ ಕೂಡಿ ಹಳ್ಳದ ಕಡೆ ಹೋಗುತ್ತೇವೆ, ಅಲ್ಲಿ ಯಾವ ಕುರ್ಚಿಯೂ ಇಲ್ಲ. ಬಂದ ಕೂಡಲೆ ನೀನು ಬಿಸಿ ರೊಟ್ಟಿ ಬಡಿದು ಕೈಗೆ ಕೊಡುತ್ತೀ. ಕಣ್ಣೂ ಅಲ್ಲ, ನಾಟಕವೂ ಅಲ್ಲ.

ಡಾಕ್ಟರಬಾಯಿ ಮಾತ್ರ ನನ್ನಷ್ಟು ಹಾರಾಡಲಿಲ್ಲ. ಹೊಟ್ಟೆಯಿಂದಲೇ ತಲೆಶೂಲೆ ಬರುತ್ತದೆಂದು ತಾನು ಆಣೆ ಮಾಡಿ ಹೇಳಲಾರೆ, ದೊಡ್ಡ ದೊಡ್ಡ ಡಾಕ್ಟರರಿಗೇ ಅದಿನ್ನೂ ಬಗೆಹರಿದಿಲ್ಲ, ಆದರೆ ಬಹಳ ಹೆಂಗಸರಲ್ಲಿ ಈ ಎರಡೂ ಜೊತೆಗೇ ಕೆಡುವುದನ್ನು, ಒಂದನ್ನು ಸರಿಪಡಿಸಿದರೆ ಇನ್ನೊಂದು ತಗ್ಗುವುದನ್ನು ಕಣ್ಣಾರೆ ನೋಡಿದ್ದೇನೆ ಎಂದರು. ಮತ್ತೆ ಬಂದರೂ ಬರಬಹುದು, ಹೆದರಬೇಡ ಎಂದರು. ಹೊತ್ತಿಗೆ ಸರಿಯಾಗಿ ತಿನ್ನು, ನೀರು ಕುಡಿ, ಚಹಾ ಕಡಿಮೆ ಮಾಡು, ಹೊರಕಡೆಗೆ ಬಂದದ್ದನ್ನು ತಡೆಯಬೇಡ. ಮಲಗುವಾಗ ಕುಡಿಯಲು ಒಂದು ಪುಡಿಯನ್ನೂ ಕೊಟ್ಟರು. ಇಷ್ಟೇ ಔಷಧ. ಹೊರಡುವಾಗ ಕುರ್ಚಿಯ ಸಂಗತಿಯನ್ನು ಇವರಿಗೂ ತಾವೇ ತಿಳಿಸಿದರು.

ತಿರುಗಿ ಬರುವಾಗ ಟಾಂಗಾದಲ್ಲಿ ಇವರು ಕುದುರೆಯ ಬೆನ್ನು ನೋಡುತ್ತ ಹೇಳಿದರು: “ಕುಂದಾ ನನಗ ತಂಗಿ ಇದ್ದಂಗ. ಅಪ್ಪನ ಮುಂದ ಬಾಯಿ ಬರಲಿಲ್ಲ.” ನನಗೆ ಅವರ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಬಾಯಿ ಇನ್ನೂ ಬಂದಿಲ್ಲ, ಆದರೆ ಬುದ್ಧಿ ಓಡಿದೆ. ಮರುದಿನದಿಂದ ಬೆಳಗ್ಗೆ ಎದ್ದು ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಮುಂದಿನ ಕಟ್ಟೆಯ ಮೇಲೆ ಕೂಡುತ್ತಾರೆ. ಈ ಶಬ್ದದ ಅರ್ಥವೇನು, ಈ ಕಾಯದೆ ಎಂಥದು ಎಂದು ಮಾವನವರನ್ನು ಕೂಗುತ್ತಾರೆ. ಎಲ್ಲ ಗೊತ್ತಿದ್ದೂ ಕೇಳುತ್ತಾರೆ! ಮಗನಿಗೆ ಈಗಲಾದರೂ ತನ್ನ ಬೆಲೆ ತಿಳಿಯಿತೆಂದು ಮಾವನವರು ಉಬ್ಬಿ ಹೋಗಿ ವಿವರಿಸುತ್ತ ಅಲ್ಲೇ ಕೂಡುತ್ತಾರೆ. ನಾನು ಹಿತ್ತಲಿನಲ್ಲಿ ರಾಣಿಯಂತೆ ನಡೆದು ಹೋಗುತ್ತೇನೆ. ಒಲೆಯ ಮರೆಯಲ್ಲಿ ಕುಳಿತು ತಂಗಳ ರೊಟ್ಟಿಗೆ ಮಜ್ಜಿಗೆ ಹಚ್ಚಿ ತಿನ್ನುತ್ತೇನೆ. ಅಂದಿನಿಂದ ಇವತ್ತಿನವರೆಗೆ ಬಳೆಚೂರು ಮಿಂಚಿಲ್ಲ.

ಆದ್ದರಿಂದ ಅವ್ವಾ, ಸೋಮವಾರ ಅವರು ಬಂದರೆ ಮಾತು ಕೊಡಬೇಡ. ಚಹಾ ಕೊಡು, ಅವಲಕ್ಕಿ ಕೊಡು, ಮಗಳನ್ನು ಮಾತ್ರ ಕೊಡಬೇಡ. ಹಿರಿಯ ಮಗಳು ಗುಣವಾಗಿದ್ದಾಳೆ ಎಂದು ಎದ್ದು ನಿಂತು ಹೇಳು. ಹಿತ್ತಲಿನ ಕಥೆ ಹೇಳಲು ನಿನಗೂ ನಾಚಿಕೆಯಾದೀತು, ನಾನಿಲ್ಲಿ ಬಾಯಿಬಿಡದೆ ಕುಳಿತದ್ದೂ ಅದಕ್ಕೇ. ಆದರೆ ಆ ನಾಚಿಕೆಗಾಗಿ ಕುಂದಾಳನ್ನು ಬಲಿ ಕೊಡಲಾದೀತೇ? ಇವತ್ತೇ ಟಪಾಲಿಗೆ ಹಾಕಿದರೆ ಶನಿವಾರದೊಳಗೆ ನಿಮಗೆ ಮುಟ್ಟುತ್ತದೆ.

ಕುಂದಾಳಿಗೆ ನನ್ನ ಮುದ್ದು. ನಿನ್ನ ಮೊಣಕಾಲು ಹೇಗಿದೆ, ಬರೆಯಿಸು.

ಹೊಟ್ಟೆ ತುಂಬ ಉಂಡು ಬರೆಯುತ್ತಿರುವ ನಿನ್ನ ಮಗಳು,
ಕುಮುದಿನಿ

ತಾ.ಕ.: ಮೇಲಿನ ಸಹಿ ಹಾಕಿ ಮಡಿಸುವಷ್ಟರಲ್ಲಿ ಅತ್ತೆಯವರು ಒಳಗೆ ಬಂದು, ಇಷ್ಟುದ್ದ ಏನು ಬರೆಯುತ್ತೀ ಎಂದು ಕೇಳಿದರು. ಅವರಿಗೆ ಓದಲು ಬರುವುದಿಲ್ಲ, ಏನು ಬೇಕಾದರೂ ಹೇಳಬಹುದಿತ್ತು. ಏನಾಯಿತೋ, ಎಲ್ಲವನ್ನೂ ಓದಿಬಿಟ್ಟೆ ಅವ್ವಾ, ಕುರ್ಚಿಯನ್ನೂ ಬಿಡಲಿಲ್ಲ. ಅವರು ನೆಲದ ಮೇಲೆ ಕುಳಿತುಕೊಂಡರು. ಹೇಳಿದರು: “ನನಗೂ ಹಂಗ ಆಗತೈತಿ. ಈ ಮನಿಗೆ ಸೊಸಿಯಾಗಿ ಬಂದಾಗಿಂದ. ಆವಾಗ ಆ ಕುರ್ಚಿ ಮ್ಯಾಲ ನಮ್ಮ ಮಾವ ಕೂಡತಿದ್ರು. ನಾ ಸುಮ್ಮನ ತಾಳಿಕೊಂಡೆ. ನೀ ಮಲಗಿದ್ದು ನೋಡಿದ್ರ ಸಿಟ್ಟು ಬರತಿತ್ತು.” ಅವರು ತಿಂಗಳಿಗೊಮ್ಮೆ ಚಳಿ ಎಂದು ತಲೆಗೆ ಅರಿವೆ ಬಿಗಿದು ಅಡಿಗೆ ಮಾಡುತ್ತಿದ್ದುದು ಯಾವ ಚಳಿ ಎಂದು ಈಗ ಗೊತ್ತಾಯಿತು. ನಾನು ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅವರು ಎದ್ದು ಹೊರಗೆ ಹೋಗಿ ಮಾವನವರಿಗೆ ಹೇಳಿದ್ದನ್ನು ನಾನು ಬಾಗಿಲ ಮರೆಯಿಂದ ಕೇಳಿದೆ. “ಉಡಿ ತುಂಬಾಕ ನಾನ ಹೋಗಬೇಕಲ್ರಿ? ನಾ ಬರಂಗಿಲ್ಲ. ಸೋಮವಾರ ನಾನೂ ಕುಮುದಿನೀನೂ ಕ್ಯಾಂಪಿಗೆ ಹೋಗಾವ್ರದೀವಿ.”