ಹೊಟ್ಟೆನೋವಿನ ಕ್ಯಾಂಪು

ಜೂನ್ 12, ಗುರುವಾರ

ಡಾಕ್ಟರು ನನ್ನನ್ನು ಹೊಗಳಿದ್ದು ಇನ್ನೂ ಕಿವಿಯಲ್ಲಿ ಚುಚ್ಚುತ್ತಿದೆ. “ಆಶಾ ಕಾರ್ಯಕರ್ತೆ ಅಂದ್ರೆ ಹೀಗಿರಬೇಕು. ಇವರು ಬರೆದಿದ್ದರಿಂದಲೇ ಈ ಊರಿಗೆ ಕ್ಯಾಂಪು ಬಂತು.”

ಪಂಚಾಯ್ತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿದ್ದಾರೆ: ಎರಡು ವರ್ಷದಲ್ಲಿ ಇಪ್ಪತ್ತೈದು ವರ್ಷದೊಳಗಿನವರ ಸಾವು ಮೂರು, ಕಾರಣ ಹೊಟ್ಟೆನೋವು. ಆ ಲೆಕ್ಕ ನೋಡಿಯೇ ಮದ್ದೂರಿನಿಂದ ಹೊಟ್ಟೆಯ ಡಾಕ್ಟರನ್ನು ಕಳಿಸಿದರು. ನಲ್ಲಿ ನೀರನ್ನೂ ಬಾಟಲಿಯಲ್ಲಿ ಹಿಡಿದುಕೊಂಡು ಹೋದರು.

ಮೂವರೂ ತಾವಾಗಿಯೇ ಜೀವ ಕಳೆದುಕೊಂಡವರು. ಊರಿಗೆಲ್ಲ ಗೊತ್ತು. ಹೊಟ್ಟೆನೋವು ಅಂತ ಬರೆದವಳು ನಾನು.

ಆ ಮೂವರಲ್ಲಿ ಒಬ್ಬಳು ದೀಪಿಕ. ಅವಳು ಹೋದ ದಿನ ಅವಳ ತಾಯಿ ಜವರಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. “ಒಟ್ಟೆನೋವು ಅಂತ ಬರ್ಕೊ ಕಣವ್ವ. ಇಲ್ದಿದ್ರೆ ಚಿಕ್ಕೋಳ್ನ ಯಾರು ಮದ್ವೆ ಆದಾರು?” ಪುಣ್ಯದ ಕೆಲಸ ಅಂದುಕೊಂಡು ಬರೆದಿದ್ದೆ. ಥೂ.

ಇವತ್ತು ಆ ಚಿಕ್ಕವಳನ್ನೇ, ವೀಣಳನ್ನು, ಕ್ಯಾಂಪಿಗೆ ಕರೆತಂದಿದ್ದಳು. ತಿಂಗಳಿಂದ ಹುಡುಗಿ ಸರಿಯಾಗಿ ಉಂಡಿಲ್ಲ, ಯಾರ ಜೊತೆಗೂ ಮಾತಿಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಗ್ಯಾಸಿನ ಮಾತ್ರೆ ಕೊಟ್ಟರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ದೀಪಿಕನೂ ಕೊನೆಕೊನೆಗೆ ಹೀಗೇ ನೋಡುತ್ತಿದ್ದಳು.

“ಇವಳ ತೊಂದ್ರೆ ಏನಂತ ಬರ್ಕೊಂಡ್ರಿ?” ಅಂದರು ಡಾಕ್ಟರು.

ಆಗಲಾದರೂ ಬಾಯಿ ಬಿಡಬೇಕಿತ್ತು. ಜವರಮ್ಮ ಹಿಂದಿನಿಂದ ಸೆರಗು ಜಗ್ಗಿದಳು. “ಅದ್ನೇ ಬರ್ಕೊ ಕಣವ್ವ.”

ಬರೆದುಕೊಂಡೆ.

ಬೆಳಿಗ್ಗೆ ಎದ್ದ ಕೂಡಲೇ ಅವರ ಮನೆಗೆ ಹೋಗಬೇಕು. ಬೆಳಗಾಗುವ ತನಕ ಆ ಹುಡುಗಿ... ಇಲ್ಲ, ಈಗಲೇ. ಟಾರ್ಚು ಎಲ್ಲಿಟ್ಟೆನೋ