ಒಂದೇ ಬಟ್ಟೆಯ ಎರಡು ಹಕ್ಕಿಗಳು

ಅಂಗಡಿಯ ಮೇಲಿನ ಮನೆ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಹಿಡಿದುಕೊಂಡಿದ್ದ ಭುಜ ಈಗ ಸಡಿಲವಾಯಿತೇ? ಅತ್ತಿಗೆಯ ಕೆಮ್ಮು ನಿನ್ನೆ ಫೋನಿನಲ್ಲೂ ಕೇಳಿಸಿತು, ಈಗ ಕಡಿಮೆಯಾಯಿತೇ? ಇಲ್ಲಿ ನಾನು, ಅಪ್ಪ ಇಬ್ಬರೂ ಚೆನ್ನಾಗಿದ್ದೇವೆ. ಆಸ್ಪತ್ರೆಯ ದಾದಿಯರಿಗೆ ನಲವತ್ತು ಜೊತೆ ಸಮವಸ್ತ್ರ ಹೊಲಿಯಬೇಕು, ಉಸಿರಾಡಲು ಪುರುಸೊತ್ತಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲರುಗಳನ್ನು ಪಕ್ಕಕ್ಕೆ ತಳ್ಳಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಇವತ್ತು ಬರೆಯುವುದೆಲ್ಲ ಅಪ್ಪನ ವಿಷಯವೇ. ಎರಡು ವರ್ಷದಿಂದ ನಿನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದೇನೆ, ಅದನ್ನೂ ಹೇಳುತ್ತೇನೆ. ಭಾನುವಾರ ಕಾಡಿನಲ್ಲಿ ಹಕ್ಕಿ ಎಣಿಸುವ ಗುಂಪಿಗೆ ಅಪ್ಪನ ಕಿವಿ ಎಂದರೆ ಎಷ್ಟು ನಂಬಿಕೆ ಎಂದು ನಿನಗೆ ಗೊತ್ತಲ್ಲ. ಅವರೇ ಅಡ್ಡಹೆಸರಿಟ್ಟ ಎರಡು ಪುಟ್ಟ ಹಕ್ಕಿಗಳಿವೆ, ಚಿಪ್‌ಚಾಪ್ ಮತ್ತು ಜಾರುಹಾಡು. ಎರಡೂ ಅಂಗೈಯೊಳಗೆ ಅಡಗುವಂಥವು, ಎರಡರ ಬೆನ್ನೂ ಮಾಸಲು ಹಸಿರು, ಹೊಟ್ಟೆ ತಿಳಿ. ಒಂದೇ ಬಟ್ಟೆಯಿಂದ ಕತ್ತರಿಸಿದ ಹಾಗೆ. ಬಾಯಿ ತೆರೆದರೆ ಮಾತ್ರ ಗುರುತು ಸಿಗುತ್ತದೆ. ಒಂದು ಎರಡೇ ಸ್ವರ ಹಿಡಿದು ಚಿಪ್, ಚಾಪ್ ಎನ್ನುತ್ತಲೇ ಇರುತ್ತದೆ. ಇನ್ನೊಂದರ ಹಾಡು ಮೇಲಿನಿಂದ ಮೆತ್ತಗೆ ಜಾರಿ ಬಂದು ಕರಗಿಹೋಗುತ್ತದೆ. ಹಾಗಾಗಿ ಎಲ್ಲರೂ ಕಿವಿಯಿಂದಲೇ ಎಣಿಸುತ್ತಾರೆ.

ಎರಡು ವರ್ಷದ ಹಿಂದೆ ಅಪ್ಪನ ಪಟ್ಟಿಯಲ್ಲಿ ಎರಡಕ್ಕೂ ಸೊನ್ನೆ ಬಿತ್ತು. ಗುಂಪಿನ ಮುಂದಾಳು ಮೇಷ್ಟ್ರು “ಈ ಸಲ ಹಕ್ಕಿಗಳೇ ಬಂದಿಲ್ಲವೇನೋ” ಎಂದರು. ಪಕ್ಕದಲ್ಲೇ ನಿಂತಿದ್ದ ನನಗೆ ಮೂರು ಹಕ್ಕಿ ಹಾಡುವುದು ಕೇಳುತ್ತಿತ್ತು. ನನ್ನ ಮುಖ ನೋಡಿದ ಅಪ್ಪನಿಗೆ ಎಲ್ಲ ಅರ್ಥವಾಯಿತು. ಮನೆಗೆ ಬಂದವರೇ “ಸಣ್ಣ ಸದ್ದು ಯಾವುದೂ ಕೇಳ್ತಾ ಇಲ್ಲ ಕಣೇ. ಯಾರಿಗೂ ಹೇಳ್ಬೇಡ, ನಿಮ್ಮಣ್ಣಂಗೂ” ಎಂದರು. ವೈದ್ಯೆ ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರೆ ಒಪ್ಪಲಿಲ್ಲ. ಅಳತೆ ಕೊಡಲು ಬಂದವರು ಕಿವಿಯನ್ನೇ ನೋಡುತ್ತಾ ನಿಲ್ಲುತ್ತಾರಂತೆ.

ಆದರೆ ಸುಮ್ಮನೆ ಕೂರುವ ಪ್ರಾಣಿಯೇ ಅದು? ದುರ್ಬೀನು ಹಿಡಿದು ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಕಾಡಿಗೆ ನಡೆದರು. ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಅವರು ಬರೆದಿಟ್ಟದ್ದನ್ನು ಹಾಗೇ ಇಳಿಸುತ್ತೇನೆ, ನೋಡು. “ಚಿಪ್‌ಚಾಪ್: ಕರಿ ಕಾಲುಚೀಲ. ರೆಕ್ಕೆ ಗಿಡ್ಡ, ತೋಳು ಸಾಲದ ಅಂಗಿ. ಬಾಲವನ್ನು ಕೆಳಕ್ಕೆ ಕುಕ್ಕುತ್ತಲೇ ಇರುತ್ತದೆ, ಮಿಷನ್ನಿನ ಪೆಡಲು ತುಳಿದಂತೆ. ಜಾರುಹಾಡು: ಕಾಲು ತಿಳಿಗಂದು. ರೆಕ್ಕೆ ಉದ್ದ, ತುದಿ ಚೂಪು. ಹುಬ್ಬಿನ ಗೆರೆ ಎದ್ದು ಕಾಣುತ್ತದೆ, ಸೀಮೆಸುಣ್ಣದಲ್ಲಿ ಗೀಚಿದ ಹಾಗೆ. ಬಾಲ ಅಷ್ಟು ಆಡಿಸುವುದಿಲ್ಲ. ಕಾಲಿನ ಬಣ್ಣ ಒಂದನ್ನೇ ನಂಬಬಾರದು, ಬೆಳಕು ಮೋಸ ಮಾಡುತ್ತದೆ. ಬಾಲ ನೋಡಬೇಕು.” ದಿನವೂ ಪಕ್ಕದಲ್ಲೇ ಕೂತು ಕಾಜಾ ಹಾಕುವ ಮನುಷ್ಯ ಇಷ್ಟೆಲ್ಲ ಒಬ್ಬರೇ ಕಲಿತಿದ್ದರು.

ಮೂರು ವಾರದ ಹಿಂದೆ ಕಾಡಿನ ದಾರಿಬದಿಯ ಹುಲ್ಲು, ಪೊದೆ ಸವರಲು ಯಂತ್ರ ಬಂದಿತ್ತು. ಅಲ್ಲೊಂದು ಹಸಿರು ಹಕ್ಕಿ ಕೊಕ್ಕಿನ ತುಂಬ ಹುಳ ಕಚ್ಚಿಕೊಂಡು ಗಾಬರಿಯಿಂದ ಕೊಂಬೆ ಬದಲಿಸುತ್ತಿತ್ತು. ಹತ್ತಿರದಲ್ಲೇ ಮರಿಗಳಿವೆ ಎಂದು ಎಲ್ಲರಿಗೂ ಗೊತ್ತಾಯಿತು. ವನಪಾಲಕಿ ಒಳ್ಳೆಯ ಹೆಣ್ಣುಮಗಳು. “ಅರ್ಧ ಗಂಟೆ ಕಾಯ್ತೀನಿ. ಗೂಡು ತೋರಿಸಿ, ಅಷ್ಟು ಜಾಗ ಬಿಡಿಸ್ತೀನಿ” ಎಂದಳು. ಬಾಯಲ್ಲಿ ಹುಳ ಇಟ್ಟುಕೊಂಡ ಹಕ್ಕಿ ಹಾಡುವುದೆಲ್ಲಿಂದ ಬಂತು? ಮೇಷ್ಟ್ರು ಚಿಪ್‌ಚಾಪ್ ಇರಬೇಕೆಂದು ಊಹಿಸಿ, ಅದು ಗೂಡು ಕಟ್ಟುವ ಮುಳ್ಳುಪೊದೆಗಳಲ್ಲಿ ಮೊಣಕಾಲೆತ್ತರಕ್ಕೆ ಹುಡುಕಲು ಎಲ್ಲರನ್ನೂ ಹಚ್ಚಿದರು. ಕೈ ಗೀಚಿಕೊಂಡದ್ದೇ ಬಂತು. ಯಂತ್ರದವನು ಎಂಜಿನ್ ಶುರು ಮಾಡಿದ.

ದಾರಿಯ ಆಚೆಯಿಂದ ದುರ್ಬೀನಿನಲ್ಲಿ ನೋಡುತ್ತಿದ್ದ ಅಪ್ಪ ಕೈ ಎತ್ತಿದರು. “ಎಲ್ಲ ನಿಂತಲ್ಲೇ ನಿಲ್ಲಿ. ಇದು ಬಾಲ ಕುಕ್ತಾ ಇಲ್ಲ. ಇದು ಜಾರುಹಾಡು, ಗೂಡು ನೆಲದ ಮೇಲಿರುತ್ತೆ. ಹುಲ್ಲಲ್ಲಿ ನೋಡಿ, ತುಳಿದೀರಿ.” ಮೇಷ್ಟ್ರು “ಹಾಡಿದ್ದು ಕೇಳಿದ್ರಾ?” ಎಂದರು. ಅಪ್ಪ ಅವರ ತುಟಿಯನ್ನೇ ನೋಡಿ ದುರ್ಬೀನು ಕೆಳಗಿಳಿಸಿದರು. ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. “ಇಲ್ಲ ಮೇಷ್ಟ್ರೇ. ಎರಡು ವರ್ಷದಿಂದ ನನಗೆ ಯಾವ ಹಾಡೂ ಕೇಳ್ತಾ ಇಲ್ಲ. ನೋಡಿ ಹೇಳ್ತಾ ಇದೀನಿ” ಎಂದರು, ಅಷ್ಟೂ ಜನರ ಮುಂದೆ.

ಗೂಡು ಸಿಕ್ಕಿದ್ದು ಮೇಷ್ಟ್ರ ಬೂಟಿನಿಂದ ಎರಡು ಗೇಣು ದೂರದಲ್ಲಿ. ಒಣಹುಲ್ಲಿನ ಪುಟ್ಟ ಗುಮ್ಮಟ, ಪಕ್ಕದಲ್ಲಿ ಬಾಗಿಲು, ಒಳಗೆ ಐದು ಹಳದಿ ಬಾಯಿ. ಅಪ್ಪ ಕೊರಳಲ್ಲಿ ಮರೆತು ಬಂದಿದ್ದ ಟೇಪಿನಿಂದ ಸುತ್ತ ಅಳೆದು ಕೋಲು ನೆಟ್ಟರು. ಯಂತ್ರ ಆ ಜಾಗ ಬಿಟ್ಟು ಸುತ್ತಿಕೊಂಡು ಹೋಯಿತು. ಹತ್ತು ದಿನಕ್ಕೆ ಮರಿಗಳು ಹಾರಿದವು. ಮೇಷ್ಟ್ರು ಅಳತೆ ಪುಸ್ತಕ ಕಡ ಕೇಳಿದರೆ ಅಪ್ಪ ಕೊಡಲಿಲ್ಲ, ಅದರಲ್ಲಿ ಊರವರ ಸೊಂಟದ ಸುತ್ತಳತೆಯೆಲ್ಲ ಇದೆಯಲ್ಲ! ಬದಲಿಗೆ ಗುಂಪಿಗೆಲ್ಲ ಕಣ್ಣಿನ ಪಾಠ ಹೇಳಿಕೊಡುತ್ತಿದ್ದಾರೆ. ಕಿವಿಯ ಯಂತ್ರಕ್ಕೂ ಒಪ್ಪಿದ್ದಾರೆ, ಮುಂದಿನ ತಿಂಗಳು ಹಾಕುತ್ತಾರೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಗುಂಡಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಎಂಟು ತಿಂಗಳಿಂದ ನೀನು ಅಪ್ಪನಿಗೆ ಯಾಕೆ ಫೋನ್ ಮಾಡಿಲ್ಲ ಎಂದು ಅತ್ತಿಗೆ ನಿನ್ನೆ ಹೇಳಿದರು. “ನಾನು ಅಂಗಡಿ ಬಿಟ್ಟಿದ್ದಕ್ಕೆ ಬೇಜಾರಾಗಿದೆಯಾ” ಎಂದು ನೀನು ಕೇಳಿದ್ದಕ್ಕೆ ಅಪ್ಪ “ಹೌದಪ್ಪ, ತುಂಬಾ. ನಿಲ್ಲೋ ಹಾಗೆ ಕಾಣ್ತಿಲ್ಲ” ಎಂದರಂತೆ. ಅಣ್ಣಾ, ಅವತ್ತು ಇಲ್ಲಿ ಬೆಳಗಿನಿಂದ ಮಳೆ. ಅವರಿಗೆ ಕೇಳಿಸಿದ್ದು “ಜೋರಾಗಿದೆಯಾ” ಅಷ್ಟೇ. ಇವತ್ತು ನಿನ್ನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಎರಡು ಸಲ ಓದಿ, “ಎಂಟು ತಿಂಗಳು ಇದನ್ನ ಹೊತ್ಕೊಂಡು ಬಸ್ಸು ಓಡಿಸಿದ್ನಾ ಮಗ” ಎಂದವರೇ ಎದ್ದು ಚೀಲಕ್ಕೆ ಬಟ್ಟೆ ತುಂಬತೊಡಗಿದರು. ಶನಿವಾರ ಬೆಳಗಿನ ರೈಲಿಗೆ ಬರುತ್ತಾರೆ. ನಿಲ್ದಾಣದಲ್ಲಿ ಹಿಂದಿನಿಂದ ಕೂಗಬೇಡ, ಕೇಳಿಸುವುದಿಲ್ಲ. ಎದುರಿಗೆ ಹೋಗಿ ನಿಲ್ಲು.