ಒಂದೇ ಹೆಬ್ಬೆಟ್ಟು

ಚಿಕ್ಕರಸಿನಕೆರೆ
6 ಫೆಬ್ರವರಿ 2025

ಪ್ರೀತಿಯ ರೂಪ,

ನಿನ್ನ ಅವ್ವ ಕೆಲಸ ಬಿಡಲಿಲ್ಲ, ಬಿಡಿಸಿದರು. ಮೊಣಕಾಲು ನೋವೆಂದು ನಿನಗೆ ಫೋನಿನಲ್ಲಿ ಹೇಳಿದ್ದಾಳಂತೆ, ಅದು ಸುಳ್ಳು. ಹನ್ನೆರಡು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡಿದರೆ ನಿನ್ನ ದನಿ ಕೇಳಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆಂದು ಈ ಕಾಗದ. ಬೆಳಕವಾಡಿಯಲ್ಲಿ ನೀನೂ ಮಗುವೂ ಕ್ಷೇಮವೆಂದು ನಂಬಿದ್ದೇನೆ.

ಸೋಮನಹಳ್ಳಿಯ ನಮ್ಮ ಗಾರ್ಮೆಂಟ್ಸ್ ನಿನಗೆ ಗೊತ್ತೇ ಇದೆ. ನೀನು ಮದುವೆಯಾಗಿ ಹೋದ ಮೇಲೆ ಹೊಸ ಪದ್ಧತಿ ತಂದರು. ನಮ್ಮ ಸಾಲಿನ ನಲವತ್ತು ಹೆಂಗಸರಿಗೆ ಒಂದೇ ಟೋಕನ್. ಅದು ಮೊಳೆಯಲ್ಲಿ ತೂಗುತ್ತಿದ್ದರೆ ಮಾತ್ರ ಶೌಚಾಲಯಕ್ಕೆ ಹೋಗಬಹುದು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ದಾರ ಕತ್ತರಿಸುವ ಮೇಜಿನ ಬಳಿ ದಿನವಿಡೀ ನಿಲ್ಲುವ ಅವ್ವ (ನಾನೂ ಅವಳನ್ನು ಅವ್ವ ಎಂದೇ ಕರೆದವಳಲ್ಲವೆ) ಒಂದು ಮಧ್ಯಾಹ್ನ ಸೀರೆ ಒದ್ದೆ ಮಾಡಿಕೊಂಡು ಅತ್ತಳು.

ಟೋಕನ್ ಪದ್ಧತಿ ನಿಲ್ಲಿಸಿ ಎಂದು ನಾನು ಅರ್ಜಿ ಬರೆದೆ. ಸಹಿಗಳನ್ನು ದುಂಡಗೆ ಹಾಕಿಸಿದರೆ ಮುಂದಾಳು ಯಾರೆಂದು ತಿಳಿಯುವುದಿಲ್ಲ ಎಂದು ಕಾರ್ಮಿಕ ಸಂಘದ ಕರಪತ್ರವೊಂದರಲ್ಲಿ ಓದಿದ್ದೆ. ಮದ್ದೂರಿನಲ್ಲಿ ಟೈಪ್ ಮಾಡಿಸಿ ಎಲ್ಲರಿಂದ ಸಹಿ ಹಾಕಿಸಿದೆ. ಅವ್ವ ಹಿಂಜರಿದಳು.

“ನಂದು ಹೆಬ್ಬೆಟ್ಟು ಕಣವ್ವ. ನಿಮ್ ಸೈನಿನ ಮಧ್ಯ ಮಸಿ ಬಳ್ದಂಗೆ ಕಾಣ್ತದೆ, ಬ್ಯಾಡ ಬುಡು.”

ಅನ್ಯಾಯ ಅನ್ನುವುದಕ್ಕೆ ಅಕ್ಷರ ಬೇಕಿಲ್ಲ ಎಂದು ಭಾಷಣ ಬಿಗಿದು, ಒತ್ತಿಸಿದೆ.

ಅರ್ಜಿ ಆಫೀಸು ಸೇರಿತು. ಆ ದುಂಡಿನಲ್ಲಿದ್ದದ್ದು ಅದೊಂದೇ ಹೆಬ್ಬೆಟ್ಟು. ಓದಲು ಬಾರದವಳಿಗೆ ಯಾರಾದರೂ ಓದಿ ಹೇಳಿರಲೇಬೇಕಲ್ಲ ಎಂದು ಮ್ಯಾನೇಜರ್ ಶ್ರೀಕಾಂತ್‌ಗೆ ಹೊಳೆಯಿತು. ಸಾಲಿನ ಎದುರಿಗೇ ಅವಳನ್ನು ನಿಲ್ಲಿಸಿದ.

“ಬರೆದೋರ ಹೆಸರು ಹೇಳು. ಇಲ್ಲಾಂದ್ರೆ ಈಗ್ಲೇ ಮನೆಗೆ ನಡಿ.”

ಆಫೀಸಿನ ರಂಜನಿ ಮೇಡಂ ಕನಿಕರದಿಂದಲೇ, “ಇಂಗ್ಲಿಷಲ್ಲಿ ಒಂದು ಮಾತಿದೆ ಅಂಕಮ್ಮ, ಒಂದು ಕಡೆ ದೆವ್ವ, ಇನ್ನೊಂದು ಕಡೆ ಆಳವಾದ ಸಮುದ್ರ ಅಂತ. ನಿಮ್ಮ ಕಥೆ ಹಾಗಾಯ್ತು. ಹೆಸರು ಹೇಳ್ಬಿಡಿ” ಎಂದರು.

“ಸಮುದ್ರ ನಾ ಕಂಡಿಲ್ಲ ಕಣಮ್ಮ. ದೆವ್ವನ ದಿನಾ ನೋಡ್ತೀನಿ. ಸಮುದ್ರಕ್ಕೇ ಓಯ್ತೀನಿ ಬುಡಿ.”

ಯಾರೋ ನಕ್ಕರು. ಅವ್ವ ಕತ್ತರಿಯನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಟೋಕನ್ ಇನ್ನೂ ಅದೇ ಮೊಳೆಯಲ್ಲಿದೆ.

ನಮ್ಮಲ್ಲಿ ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ. ದರಿ ತಾನಾಗಿಯೇ ಇದ್ದಿರಬಹುದು ರೂಪ. ಹುಲಿಯನ್ನು ತಂದು ಕಟ್ಟಿದವರು ಯಾರು? ಅದನ್ನು ಯಾವ ಗಾದೆಯೂ ಕೇಳುವುದಿಲ್ಲ.

ಮಗುವಿಗೆ ನನ್ನ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ
ನಯನ

ತಾ.ಕ.: ಹೆಸರು ಕೇಳಿದಾಗ ನಾನು ಅಲ್ಲೇ, ಮೂರನೇ ಮಿಷನ್ನಿನಲ್ಲಿದ್ದೆ. ಅವ್ವ ಒಂದೇ ಸಲ ನನ್ನ ಕಡೆ ನೋಡಿದಳು. ನಾನು ತಲೆ ಬಗ್ಗಿಸಿ ಅಂಗಿಯ ತೋಳು ಹೊಲಿಯುತ್ತಲೇ ಇದ್ದೆ; ಆಮೇಲೆ ನೋಡಿದರೆ ತೋಳಿನ ಬಾಯನ್ನೇ ಮುಚ್ಚಿ ಹೊಲಿದಿದ್ದೆ. ನನಗೂ ಎರಡೇ ದಾರಿ ಇತ್ತು. ನಾನು ದೆವ್ವದ ಜೊತೆ ಉಳಿದೆ. ಮೊನ್ನೆ ನಿಮ್ಮ ಮನೆಗೆ ಹೋದರೆ ಅವ್ವ, “ನೀನಾರ ಒಳಗಿದ್ದೀಯಲ್ಲ, ಸಾಕು. ಕಾಫಿ ಕುಡಿ” ಎಂದಳು.

ಬರೆದವಳು ನಾನೆಂದು ಎಲ್ಲರ ಎದುರಿಗೆ ಹೇಳುತ್ತೇನೆ. ಅವ್ವನ ಕೆಲಸ ಮರಳಿ ಬರುತ್ತದೆಂಬ ನಂಬಿಕೆಯಿಲ್ಲ. ನೀನು ನೋಡುತ್ತಾ ನಿಂತಿದ್ದರೆ ಈ ಸಲ ತಲೆ ಬಗ್ಗಿಸಲಾರೆ. ಗುರುವಾರ, ಹದಿಮೂರನೇ ತಾರೀಕು, ಬೆಳಿಗ್ಗೆ ಎಂಟೂವರೆಗೆ, ಫ್ಯಾಕ್ಟರಿ ಗೇಟಿನ ಎದುರು.